ಮನೆಯಲ್ಲೇ ಬ್ಯಾಂಡ್‌ಸಾ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಡ್‌ಸಾ ಎಂದರೆ ಹಲ್ಲಿರುವ ಉಕ್ಕಿನ ಪಟ್ಟಿ, ಅಂದರೆ ಬ್ಲೇಡ್, ಬಳೆಯಂತೆ ಎರಡು ಚಕ್ರಗಳ ಮೇಲೆ ಓಡುತ್ತಾ ಮರ ಕೊಯ್ಯುವ ಯಂತ್ರ. ಇಲ್ಲಿ ಕೊಟ್ಟಿರುವ ಅಳತೆಗಳೆಲ್ಲ ಒಂದೇ ಯಂತ್ರಕ್ಕೆ ಸೇರಿದವು: 400 ಮಿ.ಮೀ. ಚಕ್ರ, 18 ಮಿ.ಮೀ. ಪ್ಲೈವುಡ್ಡಿನ ಫ್ರೇಮ್, 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್. ಒಂದು ಅಳತೆ ಬದಲಿಸಿದರೆ ಅದರ ಬೆನ್ನಿಗೆ ಇನ್ನೂ ನಾಲ್ಕು ಬದಲಾಗುತ್ತವೆ. ಹಾಗಾಗಿ ಮೊದಲು ಪೂರ್ತಿ ಓದಿ, ಆಮೇಲೆ ಪ್ಲೈವುಡ್ ತನ್ನಿ.

ಇದು ನಿಜಕ್ಕೂ ಮನೆಯಲ್ಲಿ ಕಟ್ಟಬಹುದಾದ ಯಂತ್ರವೇ?

ಹೌದು. ಎರಡು ಚಕ್ರ, ಅವುಗಳ ಮೇಲೊಂದು ಉಕ್ಕಿನ ಪಟ್ಟಿ, ಪಟ್ಟಿ ಬಿಗಿಯಲು ಒಂದು ಸ್ಕ್ರೂ, ಮರ ಇಡಲು ಒಂದು ಮೇಜು. ಇದರಲ್ಲಿ ಕರಾರುವಾಕ್ಕಾಗಿ ಇರಲೇಬೇಕಾದದ್ದು ಚಕ್ರದ ದುಂಡಗೆ ಮಾತ್ರ. ಆ ದುಂಡಗೆ ಸಿಗುವುದು ಟೇಪ್ ಹಿಡಿದು ಅಳೆಯುವುದರಿಂದಲ್ಲ, ಚಕ್ರವನ್ನು ಅದರದೇ ಶಾಫ್ಟಿನ ಮೇಲೆ ತಿರುಗಿಸುತ್ತಾ ಉಳಿ ಹಿಡಿಯುವುದರಿಂದ. ಆಗ ನಡುವಿನ ತೂತು ಅರ್ಧ ಮಿಲಿಮೀಟರ್ ಆಚೀಚೆ ಕೊರೆದಿದ್ದರೂ ಅಂಚು ಶಾಫ್ಟಿಗೆ ಸರಿಯಾಗಿಯೇ ನಿಲ್ಲುತ್ತದೆ.

ಚಕ್ರ ಇನ್ನೂ ಚಿಕ್ಕದಿದ್ದರೆ ಯಂತ್ರವೂ ಚಿಕ್ಕದಾಗುವುದಿಲ್ಲವೇ?

ಆಗುತ್ತದೆ, ಆದರೆ ಬ್ಲೇಡ್ ಬಾಳುವುದಿಲ್ಲ. ಚಕ್ರದ ಮೇಲೆ ಬಾಗುವಾಗ ಬ್ಲೇಡಿನ ಹೊರಮೈಯಲ್ಲಿ ಹುಟ್ಟುವ ಒತ್ತಡ ಬ್ಲೇಡಿನ ದಪ್ಪ ಹೆಚ್ಚಿದಂತೆ ಏರುತ್ತದೆ, ಚಕ್ರ ದೊಡ್ಡದಾದಂತೆ ಇಳಿಯುತ್ತದೆ. 0.5 ಮಿ.ಮೀ. ದಪ್ಪದ ಬ್ಲೇಡ್ 400 ಮಿ.ಮೀ. ಚಕ್ರದ ಮೇಲೆ ಬಾಗಿದರೆ ಆ ಒತ್ತಡ ಸುಮಾರು 250 ಮೆಗಾಪ್ಯಾಸ್ಕಲ್ (ಒತ್ತಡದ ಅಳತೆ). ಚಕ್ರವನ್ನು 250 ಮಿ.ಮೀ.ಗೆ ಇಳಿಸಿದರೆ ಅದೇ ಬ್ಲೇಡಿಗೆ 400 ಆಗುತ್ತದೆ. ಈ ಯಂತ್ರದಲ್ಲಿ ಬ್ಲೇಡ್ ಸೆಕೆಂಡಿಗೆ ಹತ್ತು ಸಲ, ನಿಮಿಷಕ್ಕೆ ಆರುನೂರಕ್ಕೂ ಹೆಚ್ಚು ಸಲ ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ತುಂಡು ಮಾಡುವ ಕೆಲಸವನ್ನೇ ಯಂತ್ರ ನಿಧಾನವಾಗಿ ಮಾಡುತ್ತಿರುತ್ತದೆ. ಸಣ್ಣ ಸಣ್ಣ ಮೂರು ಚಕ್ರದ ಯಂತ್ರಗಳಲ್ಲಿ ಬ್ಲೇಡ್ ಮೇಲಿಂದ ಮೇಲೆ ತುಂಡಾಗುವುದೂ ಇದೇ ಕಾರಣಕ್ಕೆ.

ಏನೇನು ಸಾಮಾನು ಬೇಕು?

- 18 ಮಿ.ಮೀ. ಪ್ಲೈವುಡ್, 8×4 ಅಡಿಯ 2 ಹಾಳೆ. ಒಂದು ಹಾಳೆ ಫ್ರೇಮ್, ಚಕ್ರ, ಮೇಜಿಗೆ. ಇನ್ನೊಂದು ಸ್ಟ್ಯಾಂಡ್, ಕವರಿಗೆ. ಚಕ್ರಕ್ಕೆ ಐಎಸ್ 710 ಗುರುತಿನ ಮರೈನ್ ಪ್ಲೈ ಬಳಸಿ. ಅಗ್ಗದ ಹಾಳೆಯ ಒಳಗೆ ಪೊಳ್ಳು ಇರುತ್ತದೆ, ಉಳಿ ಹಿಡಿದಾಗ ಅಂಚಿನಲ್ಲಿ ಗುಂಡಿ ಬೀಳುತ್ತದೆ.
- ಕೆಳ ಶಾಫ್ಟಿಗೆ 25 ಮಿ.ಮೀ. ಇಎನ್8 ಬ್ರೈಟ್ ಬಾರ್ (ನಯವಾದ ಉಕ್ಕಿನ ಸರಳು), ಅದನ್ನು ಫ್ರೇಮಿಗೆ ಹಿಡಿಸಲು ಎರಡು ಯುಸಿಪಿ 205 ಪಿಲ್ಲೊ ಬ್ಲಾಕ್ (ಗೂಡು ಸಮೇತ ಬರುವ ಬೇರಿಂಗ್).
- ಮೇಲಿನ ಚಕ್ರಕ್ಕೆ 20 ಮಿ.ಮೀ. ಶಾಫ್ಟ್, ಎರಡು 6204 ಬೇರಿಂಗ್, ಎರಡೂ ಬದಿ ರಬ್ಬರ್ ಸೀಲ್ ಇರುವಂಥವು. ಮರದ ಹುಡಿಗೆ ತೆರೆದ ಬೇರಿಂಗ್ ನಿಲ್ಲುವುದಿಲ್ಲ.
- 1 ಎಚ್‌ಪಿ, 1440 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮೋಟರ್. ಮೋಟರಿಗೆ 3 ಇಂಚು, ಕೆಳ ಶಾಫ್ಟಿಗೆ 6 ಇಂಚು ಪುಲ್ಲಿ, ಎ ಸೆಕ್ಷನ್ ಬೆಲ್ಟ್.
- ಬ್ಲೇಡ್ ಆಚೀಚೆ, ಹಿಂದಕ್ಕೆ ಸರಿಯದಂತೆ ತಡೆಯುವ ಗೈಡಿಗೆ 608 ಬೇರಿಂಗ್ ಎರಡು. ಬ್ಲೇಡ್ ಬಿಗಿಯಲು ಎಂ12 ಥ್ರೆಡ್ ರಾಡ್, ಗಟ್ಟಿ ಸ್ಪ್ರಿಂಗ್ ಒಂದು.
- ಚಕ್ರದ ಅಂಚಿಗೆ ಹೊದಿಸುವ ರಬ್ಬರ್ ಟಯರಿಗೆ ಮಕ್ಕಳ ಸೈಕಲ್ಲಿನ 16 ಇಂಚಿನ ಟ್ಯೂಬ್ ಎರಡು.

ಬೆಂಗಳೂರಿನವರಿಗೆ ಎಸ್‌ಜೆಪಿ ರಸ್ತೆಯಲ್ಲಿ ಅರ್ಧ ದಿನ ಸುತ್ತಿದರೆ ಪ್ಲೈವುಡ್ ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಬೇರೆ ಊರುಗಳಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವ ಅಂಗಡಿಯಲ್ಲಿ ವಿಚಾರಿಸಿ. ಬೇರಿಂಗ್, ಪುಲ್ಲಿ, ಬೆಲ್ಟ್ ಅಲ್ಲೇ ಇರುತ್ತವೆ. ವೈಂಡಿಂಗ್ ಮತ್ತೆ ಸುತ್ತಿಸಿದ ಹಳೆ ಮೋಟರ್ ಸಿಕ್ಕರೂ ಸಿಕ್ಕೀತು. ಇಡೀ ಯಂತ್ರದಲ್ಲಿ ಹೆಚ್ಚು ದುಡ್ಡು ಹೋಗುವುದು ಮೋಟರಿಗೇ.

ಬ್ಲೇಡಿನ ಎಳೆತವನ್ನು ಪ್ಲೈವುಡ್ ಫ್ರೇಮ್ ತಡೆಯುತ್ತದೆಯೇ?

ಮುರಿಯುವ ಭಯ ಬೇಡ, ಬಾಗುವ ಭಯ ಇರಲಿ. ಅರ್ಧ ಇಂಚಿನ ಬ್ಲೇಡನ್ನು 100 ಮೆಗಾಪ್ಯಾಸ್ಕಲ್‌ಗೆ ಬಿಗಿದರೆ ಚಕ್ರದ ಎರಡೂ ಬದಿಗೆ ಇಳಿಯುವ ಬ್ಲೇಡಿನ ಎಳೆಗಳು ಸೇರಿ ಮೇಲಿನ ಚಕ್ರವನ್ನು ಸುಮಾರು 130 ಕೆಜಿ ಭಾರದಿಂದ ಕೆಳಕ್ಕೆ ಎಳೆಯುತ್ತವೆ. ಫ್ರೇಮ್ ಇಂಗ್ಲಿಷ್ ‘ಸಿ’ ಅಕ್ಷರದ ಆಕಾರದಲ್ಲಿರುವುದರಿಂದ ಈ ಭಾರ ಕಂಬವನ್ನು ಬಿಲ್ಲಿನಂತೆ ಬಗ್ಗಿಸಲು ನೋಡುತ್ತದೆ. ಐದು ಪದರ ಅಂಟಿಸಿದ 90 ಮಿ.ಮೀ. ದಪ್ಪ, 130 ಮಿ.ಮೀ. ಅಗಲದ ಕಂಬ ಇದಕ್ಕೆ ಒಂದು ಮಿಲಿಮೀಟರ್ ಆಸುಪಾಸು ಬಗ್ಗುತ್ತದೆ; ತೊಂದರೆಯಿಲ್ಲ. ಅಗಲವನ್ನು ಅರ್ಧ ಮಾಡಿದರೆ ಬಾಗು ಎರಡು ಪಟ್ಟಲ್ಲ, ಎಂಟು ಪಟ್ಟು ಆಗುತ್ತದೆ. ಪ್ಲೈವುಡ್ ಉಳಿಸಲು ಹೋಗುವವರು ಎಡವುವುದು ಇಲ್ಲೇ.

ಮೂಲೆಗಳಲ್ಲಿ ಒಂದು ಪದರ ಕಂಬದ್ದು, ಮುಂದಿನದು ಅಡ್ಡತೋಳಿನದು, ಹೀಗೆ ಬೆರಳಿಗೆ ಬೆರಳು ಹೆಣೆದ ಹಾಗೆ ಪದರಗಳನ್ನು ಒಂದರ ಮೇಲೊಂದು ಕೂರಿಸಿ. ಎರಡು ಕೀಲು ಒಂದೇ ಜಾಗದಲ್ಲಿ ಬರಬಾರದು. ಮರಗೆಲಸದ ಬಿಳಿ ಅಂಟು ಸಾಕು, ಆದರೆ ಒಂದು ಪದರಕ್ಕೆ ಕನಿಷ್ಠ ಆರು ಕ್ಲಾಂಪ್ ಹಾಕಿ, ಸಮತಟ್ಟಾದ ನೆಲದ ಮೇಲೇ ಒಣಗಲು ಬಿಡಿ. ಅಂಟು ಒಣಗುವಾಗ ತಿರುಚಿಕೊಂಡ ಫ್ರೇಮನ್ನು ಆಮೇಲೆ ಯಾವ ಸ್ಕ್ರೂವೂ ಸರಿಮಾಡುವುದಿಲ್ಲ.

ಚಕ್ರ ಮಾಡುವ ಕ್ರಮ ಹೇಗೆ?

ಒಂದು ಚಕ್ರಕ್ಕೆ 18 ಮಿ.ಮೀ. ಹಾಳೆಯ ಎರಡು ಚೌಕ, ತಲಾ 420 ಮಿ.ಮೀ. ಒಂದರ ಎಳೆ ಇನ್ನೊಂದಕ್ಕೆ 45 ಡಿಗ್ರಿ ಓರೆಯಾಗಿರಲಿ, ಹವೆ ಬದಲಾದಾಗ ಚಕ್ರ ಮೊಟ್ಟೆಯಾಕಾರಕ್ಕೆ ಹೋಗುವುದಿಲ್ಲ. ಅಂಟಿಸಿ, ಒಂದು ದಿನ ಬಿಟ್ಟು, ಜಿಗ್‌ಸಾದಲ್ಲಿ ಗೆರೆಯಿಂದ 3 ಮಿ.ಮೀ. ಹೊರಗೆ ಕತ್ತರಿಸಿ.

ಕೆಳಚಕ್ರ ಶಾಫ್ಟಿನ ಜೊತೆಗೇ ತಿರುಗುತ್ತದೆ. ಲೇತ್ ಅಂಗಡಿಯಲ್ಲಿ 100 ಮಿ.ಮೀ. ವ್ಯಾಸದ ಉಕ್ಕಿನ ಫ್ಲಾಂಜ್ (ಚಕ್ರ ಬಿಗಿಯುವ ಬಿಲ್ಲೆ) ಮಾಡಿಸಿ, ಅದು ಶಾಫ್ಟಿನ ಮೇಲೆ ಜಾರದಂತೆ 8 ಮಿ.ಮೀ. ಕೀ (ಗಾಡಿಗೆ ಕೂರುವ ಉಕ್ಕಿನ ತುಂಡು) ಹಾಕಿ ಶಾಫ್ಟಿಗೆ ಬಿಗಿಯಾಗಿ ಕೂರಿಸಲು ಹೇಳಿ. ಕೂರಿಸಿದ ಮೇಲೆ ಶಾಫ್ಟ್ ಸಮೇತ ಲೇತಿಗೆ ಏರಿಸಿ ಫ್ಲಾಂಜಿನ ಮುಖಕ್ಕೆ ಇನ್ನೊಂದು ಸಲ ಫೇಸಿಂಗ್ ಹೊಡೆಸಿ, ಅಂದರೆ ಮುಖ ಸಮತಟ್ಟು ಮಾಡಿಸಿ. ಈ ಕಡೆಯ ಹೆಜ್ಜೆಗೆ ಐದು ನಿಮಿಷ ಸಾಕು, ಲೇತಿನವರು ಬೇಡ ಎಂದರೂ ಬಿಡಬೇಡಿ. ಬಿಟ್ಟರೆ ಚಕ್ರ ಬಳುಕುತ್ತದೆ. ಚಕ್ರವನ್ನು ಫ್ಲಾಂಜಿಗೆ ನಾಲ್ಕು ಎಂ8 ಬೋಲ್ಟಿನಲ್ಲಿ ಬಿಗಿಯಿರಿ.

ಈಗ ಚಕ್ರವನ್ನು ಫ್ರೇಮಿನ ಮೇಲೇ ತಿರುಗಿಸಬೇಕು. ಮೋಟರಿಗೆ ತಾತ್ಕಾಲಿಕವಾಗಿ 2 ಇಂಚಿನ ಪುಲ್ಲಿ ಹಾಕಿದರೆ ಚಕ್ರ 480 ಆರ್‌ಪಿಎಂನಲ್ಲಿ ತಿರುಗುತ್ತದೆ. ಅಂಚಿನ ಮುಂದೆ 5 ಮಿ.ಮೀ. ಅಂತರದಲ್ಲಿ ಗಟ್ಟಿ ಮರದ ಆಧಾರ ಕಟ್ಟಿ, ಚೂಪಾದ ಉಳಿಯನ್ನು ಅದರ ಮೇಲಿಟ್ಟು, ಕೂದಲೆಳೆಯಷ್ಟೇ ಕೆರೆಯಿರಿ. ಮೊದಲಿಗೆ ಟಕ್ ಟಕ್ ಎಂದು ಒಂದೊಂದೇ ಕಡೆ ತಾಗುತ್ತದೆ. ಆಮೇಲಾಮೇಲೆ ಸದ್ದು ಒಂದೇ ಸಮನೆ ‘ಸರ್’ ಎಂದು ಬರುತ್ತದೆ. ಅಲ್ಲಿಗೆ ಚಕ್ರ ದುಂಡಗಾಯಿತು ಎಂದರ್ಥ. ಕನ್ನಡಕ, ಮಾಸ್ಕ್ ಕಡ್ಡಾಯ. ಮೊದಲ ಸಲ ಸ್ವಿಚ್ ಹಾಕುವಾಗ ಚಕ್ರದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ.

ಮೇಲಿನ ಚಕ್ರಕ್ಕೆ ಮೋಟರ್ ಇರುವುದಿಲ್ಲ. ಅದರ ಬೇರಿಂಗುಗಳನ್ನು ಚಕ್ರದ ನಡುಭಾಗದಲ್ಲಿ (ಹಬ್) ಕೂರಿಸಿ, ಎರಡರ ನಡುವೆ ಅಂತರ ಹಿಡಿಯುವ ಸ್ಪೇಸರ್ ಹಾಕಿ, ಶಾಫ್ಟಿಗೆ ಏರಿಸಿ. ಡ್ರಿಲ್ಲಿಗೆ ರಬ್ಬರ್ ಉರುಳೆ ಸಿಕ್ಕಿಸಿ ಚಕ್ರದ ಪಕ್ಕಕ್ಕೆ ಒತ್ತಿದರೆ ಅದೂ ತಿರುಗುತ್ತದೆ. ಇಲ್ಲಿ ಉಳಿಗಿಂತ 60 ನಂಬರಿನ ಸ್ಯಾಂಡ್‌ಪೇಪರ್ ಅಂಟಿಸಿದ ಮರದ ತುಂಡು ಸಲೀಸು.

ಕೊನೆಗೆ ಅಂಚಿಗೆ ಉಬ್ಬು ಕೊಡಬೇಕು. 36 ಮಿ.ಮೀ. ಅಗಲದಲ್ಲಿ ನಡುವಿನ 10 ಮಿ.ಮೀ. ಬಿಟ್ಟು ಎರಡೂ ಕಡೆ 4 ಡಿಗ್ರಿಯಷ್ಟು ಇಳಿಜಾರು ಮಾಡಿದರೆ ತುದಿಯಲ್ಲಿ ಸುಮಾರು 0.9 ಮಿ.ಮೀ. ಇಳಿದಿರುತ್ತದೆ. ತಿರುಗುವ ಚಕ್ರದ ಮೇಲೆ ಪಟ್ಟಿ ಯಾವಾಗಲೂ ದೊಡ್ಡ ವ್ಯಾಸದ ಕಡೆಗೆ ಏರುತ್ತದೆ, ಹಾಗಾಗಿ ಉಬ್ಬೇ ಬ್ಲೇಡನ್ನು ನಡುವೆ ಹಿಡಿದಿಡುತ್ತದೆ. ಹೆಚ್ಚು ಉಬ್ಬಿದ್ದರೆ ಅಗಲ ಬ್ಲೇಡ್ ಬರೀ ನಡುವೆ ಕೂತು ಅಲ್ಲಾಡುತ್ತದೆ.

ಅಂಚಿನ ಏರಿಳಿತ 0.2 ಮಿ.ಮೀ. ಒಳಗಿರಲಿ, ಪಕ್ಕದ ಬಳುಕು ಅರ್ಧ ಮಿ.ಮೀ.ವರೆಗೆ ನಡೆಯುತ್ತದೆ. ಅಂಚಿನದು ಯಾಕೆ ಮುಖ್ಯವೆಂದರೆ, ಪ್ರತಿ ಸುತ್ತಿಗೂ ಬ್ಲೇಡ್ ಒಮ್ಮೆ ಬಿಗಿದು ಒಮ್ಮೆ ಸಡಿಲಾಗುತ್ತದೆ, ಮೇಜು ನಡುಗುತ್ತದೆ.

ಟಯರಿಗೆ ಸೈಕಲ್ ಟ್ಯೂಬ್ ಸಾಕೇ? ಹೇಗೆ ಹಾಕುವುದು?

ಸಾಕು. ದೊಡ್ಡವರ ಸೈಕಲ್ಲಿನ 26 ಇಂಚಿನ ಟ್ಯೂಬ್ ಈ ಚಕ್ರಕ್ಕೆ ಸಡಿಲವಾಗಿ ಜೋತು ಬೀಳುತ್ತದೆ. 16 ಇಂಚಿನದು ಸ್ವಲ್ಪ ಚಿಕ್ಕದಿದ್ದು, ಎಳೆದು ಹಾಕಿದಾಗ ಬಿಗಿಯಾಗಿ ಕೂರುತ್ತದೆ. ಒಳಸುತ್ತನ್ನು ವಾಲ್ವ್ ಸಮೇತ 35 ಮಿ.ಮೀ. ಪಟ್ಟಿಯಾಗಿ ಕತ್ತರಿಸಿ ತೆಗೆಯಿರಿ. ಉಳಿದದ್ದು ತುಂಡಾಗದ ಒಂದು ರಬ್ಬರ್ ಬಳೆ. ಟ್ಯೂಬಿನ ಒಳಗಿನ ಪೌಡರ್ ಒರೆಸಿ, ಇಬ್ಬರು ಹಿಡಿದು ಎಳೆದು ಕೂರಿಸಿ, ಹೊರಗೆ ಚಾಚಿದ್ದನ್ನು ಬ್ಲೇಡಿನಲ್ಲಿ ಸವರಿ. ಅಂಟು ಬೇಕಿಲ್ಲ, ಹಾಕಲೇಬೇಕೆಂದರೆ ಪಂಕ್ಚರ್ ಸೊಲ್ಯೂಶನ್ ತೆಳ್ಳಗೆ ಹಚ್ಚಿ. ಅಂಟು ಗಂಟು ಕಟ್ಟಿದರೆ ಅಷ್ಟು ಕಷ್ಟಪಟ್ಟು ತಂದ ದುಂಡಗೆ ನೀರಿನಲ್ಲಿ ಹೋಮ.

ಚಕ್ರದ ಬ್ಯಾಲೆನ್ಸ್ ನೋಡುವುದು ಹೇಗೆ?

ಬೆಲ್ಟ್, ಬ್ಲೇಡ್ ಎರಡೂ ತೆಗೆದು ಚಕ್ರವನ್ನು ಮೆಲ್ಲಗೆ ತಿರುಗಿಸಿ ಬಿಡಿ. ನಿಂತಾಗ ಕೆಳಗೆ ಬರುವ ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಐದು ಸಲವೂ ಅದೇ ಗುರುತು ಕೆಳಗೆ ಬಂದರೆ ಅದು ಭಾರದ ಕಡೆ. ಅಲ್ಲಿ ಹಿಂಬದಿಯಿಂದ, ಅಂಚಿಗೆ ಹತ್ತಿರ, 12 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ 10 ಮಿ.ಮೀ. ಆಳದ ಗುಳಿ ಕೊರೆದು ಮತ್ತೆ ನೋಡಿ. ಎಲ್ಲೆಂದರಲ್ಲಿ ನಿಲ್ಲತೊಡಗಿದರೆ ಮುಗಿಯಿತು. ಪಿಲ್ಲೊ ಬ್ಲಾಕಿನ ಸೀಲ್ ಬಿಗಿಯಾಗಿದ್ದು ಕೆಳಚಕ್ರ ಸರಾಗ ತಿರುಗದಿದ್ದರೆ, ಅದನ್ನು ಒಂದು ಗಂಟೆ ಖಾಲಿ ಓಡಿಸಿ ಆಮೇಲೆ ಪರೀಕ್ಷಿಸಿ.

ಸ್ಕೂಟರ್ ಚಕ್ರ, ಸೈಕಲ್ ರಿಮ್ ಬಳಸಬಹುದಲ್ಲ?

ಸ್ಕೂಟರಿನ 10 ಇಂಚಿನ ಚಕ್ರ ತೀರಾ ಚಿಕ್ಕದು. ಸೈಕಲ್ ರಿಮ್ಮಿನ ನಡುವೆ ಹಳ್ಳವಿದೆ. ಅದನ್ನು ತುಂಬಿ, ಉಬ್ಬು ಕೊಟ್ಟು, ಕಡ್ಡಿ ಬಿಗಿದು ನೇರ ಮಾಡುವಷ್ಟರಲ್ಲಿ ಪ್ಲೈವುಡ್ಡಿನದು ಎರಡು ಆಗಿರುತ್ತದೆ.

ಮೋಟರ್, ಪುಲ್ಲಿ, ವೇಗದ ಲೆಕ್ಕ ಹೇಗೆ?

ಮರಕ್ಕೆ ಬ್ಲೇಡಿನ ವೇಗ ಸೆಕೆಂಡಿಗೆ 15 ಮೀಟರ್ ಹತ್ತಿರವಿರಲಿ. 400 ಮಿ.ಮೀ. ಚಕ್ರದ ಸುತ್ತಳತೆ 1.257 ಮೀಟರ್. 3 ಇಂಚಿನಿಂದ 6 ಇಂಚಿನ ಪುಲ್ಲಿಗೆ ಹೋದರೆ 1440ರ ಅರ್ಧ, 720 ಆರ್‌ಪಿಎಂ. ಎರಡನ್ನೂ ಗುಣಿಸಿದರೆ ನಿಮಿಷಕ್ಕೆ 905 ಮೀಟರ್, ಅಂದರೆ ಸೆಕೆಂಡಿಗೆ 15 ಮೀಟರ್ ಚಿಲ್ಲರೆ. 2880 ಆರ್‌ಪಿಎಂ ಮೋಟರ್ ಅಗ್ಗಕ್ಕೆ ಸಿಕ್ಕಿತೆಂದು ಇದೇ ಪುಲ್ಲಿಗೆ ಜೋಡಿಸಬೇಡಿ, ವೇಗ ದುಪ್ಪಟ್ಟಾಗುತ್ತದೆ.

ಅರ್ಧ ಎಚ್‌ಪಿಯಲ್ಲಿ ಒಂದು ಇಂಚಿನ ಹಲಗೆ ಕೊಯ್ಯಬಹುದು. 8 ಇಂಚು ಎತ್ತರದ ಸಿಲ್ವರ್ ಓಕ್ ತುಂಡನ್ನು ಹಲಗೆಯಾಗಿ ಸೀಳಲು 1 ಎಚ್‌ಪಿಯೂ ನಿಧಾನವೇ, ಆದರೆ ನಿಲ್ಲುವುದಿಲ್ಲ. ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ 180ಕ್ಕೆ ಇಳಿದರೆ ಮೋಟರಿನ ತಿರುಗುಬಲ ಶೇ. 60ರಷ್ಟೇ ಉಳಿಯುತ್ತದೆ. ಮೋಟರ್ ಗುಂಯ್‌ಗುಟ್ಟುತ್ತಾ ವೇಗ ಹಿಡಿಯದಿದ್ದರೆ ಕೂಡಲೇ ಆಫ್ ಮಾಡಿ. ಸ್ಟಾರ್ಟಿಂಗ್ ವೈಂಡಿಂಗ್ ಸುಡಲು ಹೆಚ್ಚು ಹೊತ್ತು ಬೇಡ. ಸಾಕೆಟ್ 16 ಆಂಪ್ಸಿನದು ಇರಲಿ, ಮೋಟರಿನ ಮೈಗೆ ಅರ್ತಿಂಗ್ ತಪ್ಪದೆ ಕೊಡಿ. ಮರದ ಫ್ರೇಮಿನಿಂದ ತಾನಾಗಿ ಅರ್ತ್ ಸಿಗುವುದಿಲ್ಲ.

ಬ್ಲೇಡ್ ಎಷ್ಟು ಉದ್ದ? ಯಾವ ಬ್ಲೇಡ್?

ಚಕ್ರಗಳ ನಡುಬಿಂದುಗಳ ಅಂತರದ ಎರಡರಷ್ಟಕ್ಕೆ ಚಕ್ರದ ಸುತ್ತಳತೆ ಕೂಡಿಸಿ. ಅಂತರ 820 ಮಿ.ಮೀ. ಇದ್ದರೆ 1640 + 1257 = 2897 ಮಿ.ಮೀ. ಮೇಲಿನ ಚಕ್ರಕ್ಕೆ ಏರಿಳಿಯಲು 30 ಮಿ.ಮೀ. ಜಾಗ ಬಿಡಿ, ನಡುಮಟ್ಟದಲ್ಲಿಟ್ಟು ಅಳೆಯಿರಿ. ಬ್ಲೇಡ್ ಸುರುಳಿ ಮಾರುವವರು ಬೇಕಾದ ಉದ್ದಕ್ಕೆ ಕತ್ತರಿಸಿ ಬೆಸುಗೆ ಹಾಕಿಕೊಡುತ್ತಾರೆ; ಹಾಗಾಗಿ ಯಂತ್ರ ಮುಗಿಸಿ, ಟೇಪ್ ಸುತ್ತಿ ಅಳೆದು, ಆಮೇಲೆ ಬ್ಲೇಡ್ ಹೇಳಿ. ಈ ಅಳತೆಯಲ್ಲಿ ಸುಮಾರು 250 ಮಿ.ಮೀ. ಎತ್ತರದ ಮರ ಕೊಯ್ಯಬಹುದು.

ಹಲಗೆ ಸೀಳಲು ಅರ್ಧ ಇಂಚು ಅಗಲ, ಇಂಚಿಗೆ 3 ಹಲ್ಲು. ಸಾಮಾನ್ಯ ಕೆಲಸಕ್ಕೆ 6 ಹಲ್ಲು. ಕೊಯ್ಯುವ ಮರದೊಳಗೆ ಒಮ್ಮೆಗೆ ಕನಿಷ್ಠ ಮೂರು ಹಲ್ಲಾದರೂ ಇರಬೇಕು, ಇಲ್ಲದಿದ್ದರೆ ತೆಳು ಹಲಗೆ ಹಲ್ಲಿಗೆ ಸಿಕ್ಕಿಕೊಂಡು ಚೂರಾಗುತ್ತದೆ. ಅರ್ಧ ಇಂಚಿನ ಬ್ಲೇಡ್ 64 ಮಿ.ಮೀ. ತ್ರಿಜ್ಯದವರೆಗಿನ ತಿರುವು ತೆಗೆದುಕೊಳ್ಳುತ್ತದೆ, ಕಾಲು ಇಂಚಿನದು 16 ಮಿ.ಮೀ.ವರೆಗೆ.

ಸಾಮಿಲ್ಲಿನ ಹಳೆ ಬ್ಲೇಡನ್ನು ಸೀಳಿ ಬಳಸಬಹುದೇ?

ಬೇಡ. ಅದು 0.9 ಮಿ.ಮೀ. ಅಥವಾ ಇನ್ನೂ ದಪ್ಪ. ಒಂದು ಮೀಟರ್ ಆಸುಪಾಸಿನ ಚಕ್ರಕ್ಕೆಂದು ಮಾಡಿದ್ದು. ನಿಮ್ಮ ಚಕ್ರದ ಮೇಲೆ ಬಾಗಿದರೆ 450 ಮೆಗಾಪ್ಯಾಸ್ಕಲ್ ದಾಟುತ್ತದೆ, ಹಲ್ಲಿನ ಬುಡದಿಂದ ಬಿರುಕು ಬಿಡುತ್ತದೆ.

ಬ್ಲೇಡಿನ ಟೆನ್ಷನ್ (ಬಿಗಿ) ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಬ್ಲೇಡ್ ಮೀಟಿ ಸ್ವರ ಕೇಳುವ ವಿದ್ಯೆ ಇದೆ, ಆದರೆ ಅದು ಕಿವಿ ಪಳಗಿದವರಿಗೆ. ಅಳೆಯುವ ದಾರಿ ಹೀಗೆ. ಬ್ಲೇಡನ್ನು ಬರೀ ಸಡಿಲು ಹೋಗುವಷ್ಟು ಬಿಗಿಯಿರಿ. 500 ಮಿ.ಮೀ. ಉದ್ದದ ಕಡ್ಡಿಯ ಒಂದು ತುದಿಯನ್ನು ಸಣ್ಣ ಕ್ಲಾಂಪಿನಲ್ಲಿ ಬ್ಲೇಡಿಗೆ ಹಿಡಿಸಿ. ಇನ್ನೊಂದು ತುದಿಗೆ ತಾಗುವಂತೆ ಮತ್ತೊಂದು ಕ್ಲಾಂಪನ್ನು ಬ್ಲೇಡಿಗೆ ಹಾಕಿ. ಸ್ಕ್ರೂ ಬಿಗಿಯುತ್ತಾ ಹೋದಂತೆ ಬ್ಲೇಡ್ ಹಿಗ್ಗಿ, ಕಡ್ಡಿಗೂ ಎರಡನೇ ಕ್ಲಾಂಪಿಗೂ ನಡುವೆ ಸಂದು ಬೀಳುತ್ತದೆ. ಆ ಸಂದಿಯಲ್ಲಿ ಗ್ಯಾರೇಜಿನವರು ಸಂದು ಅಳೆಯುವ ಫೀಲರ್ ಗೇಜಿನ 0.25 ಮಿ.ಮೀ. ಎಲೆ ತೂರಿದರೆ ಬ್ಲೇಡಿನಲ್ಲಿ 100 ಮೆಗಾಪ್ಯಾಸ್ಕಲ್ ಇದೆ. ಆ ಹೊತ್ತಿಗೆ ಸ್ಪ್ರಿಂಗ್ ಎಷ್ಟು ಕುಗ್ಗಿದೆಯೋ ಅಲ್ಲಿ ಫ್ರೇಮಿನ ಮೇಲೆ ಗುರುತು ಹಾಕಿ. ಮುಂದೆ ಅದೇ ಬ್ಲೇಡಿಗೆ ಕಡ್ಡಿಯ ಗೊಡವೆ ಬೇಡ. ಕಡ್ಡಿ, ಕ್ಲಾಂಪ್ ತೆಗೆಯದೆ ಸ್ವಿಚ್ ಮುಟ್ಟಬೇಡಿ.

ಸ್ಪ್ರಿಂಗ್ ಆರಿಸುವಾಗ ಅದನ್ನು ರಾಡಿಗೆ ತೂರಿಸಿ ನಿಲ್ಲಿಸಿ, ಮೇಲೊಂದು ಹಲಗೆ ಇಟ್ಟು ಮೂರು ಸಿಮೆಂಟ್ ಚೀಲ ಹೇರಿ ನೋಡಿ. 150 ಕೆಜಿಗೆ 20 ಮಿ.ಮೀ. ಹತ್ತಿರ ಕುಗ್ಗಿ, ಸುರುಳಿಗಳ ನಡುವೆ ಇನ್ನೂ ಸಂದು ಉಳಿದಿದ್ದರೆ ಅದೇ ಸರಿ.

ಬ್ಲೇಡ್ ಪದೇ ಪದೇ ಕಳಚಿ ಬೀಳುತ್ತದೆ. ಏನು ಮಾಡುವುದು?

ಗೈಡ್‌ಗಳನ್ನೆಲ್ಲ ಮೊದಲು ಹಿಂದಕ್ಕೆ ಸರಿಸಿ. ಗೈಡ್ ಇಲ್ಲದೆಯೂ ಬ್ಲೇಡ್ ಚಕ್ರದ ಮೇಲೆ ನಿಲ್ಲಬೇಕು. ನಿಲ್ಲದ ಬ್ಲೇಡನ್ನು ಗೈಡಿನಿಂದ ತಡೆಯುವುದು ರೋಗ ಬಿಟ್ಟು ಜ್ವರಕ್ಕೆ ಮದ್ದು ಕೊಟ್ಟಂತೆ.

ಬ್ಲೇಡನ್ನು ಕೆಲಸದ ಬಿಗಿಗೆ ತಂದು, ಉದ್ದನೆಯ ನೇರಪಟ್ಟಿಯನ್ನು ಎರಡೂ ಚಕ್ರದ ಮುಖಕ್ಕೆ ತಾಗಿಸಿ. ಸಡಿಲ ಇದ್ದಾಗ ನೋಡಿದರೆ ಲೆಕ್ಕಕ್ಕಿಲ್ಲ, ಬಿಗಿದಾಗ ಫ್ರೇಮ್ ಕೊಂಚ ಬಾಗಿ ಮಟ್ಟ ಬದಲಾಗುತ್ತದೆ. ಒಂದು ಚಕ್ರ ಹಿಂದಿದ್ದರೆ ವಾಷರ್ ಕೊಟ್ಟು ಮುಂದೆ ತನ್ನಿ. ಆಮೇಲೆ ಪ್ಲಗ್ ಕಿತ್ತು, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ ಮೇಲಿನ ಶಾಫ್ಟಿನ ಓರೆ ಹೊಂದಿಸುವ ಬೋಲ್ಟನ್ನು ಕಾಲು ಸುತ್ತು ಕಾಲು ಸುತ್ತಾಗಿ ತಿರುಗಿಸಿ. ಮೇಲಿನ ಚಕ್ರ ಹಿಂದಕ್ಕೆ ವಾಲಿದರೆ ಬ್ಲೇಡೂ ಹಿಂದಕ್ಕೆ ಹೋಗುತ್ತದೆ. ಒಂದೆರಡು ಡಿಗ್ರಿ ದಾಟಿದರೂ ಬ್ಲೇಡ್ ನಡುವೆ ಬರದಿದ್ದರೆ ತಪ್ಪು ಬೇರೆಡೆ ಇದೆ: ಟಯರಿನ ಮೇಲೆ ಮರದ ಹುಡಿ ಗಂಟುಗಟ್ಟಿರಬಹುದು, ಉಬ್ಬು ಒಂದು ಬದಿಗೆ ಬಂದಿರಬಹುದು, ಬ್ಲೇಡಿನ ಬೆಸುಗೆಯೇ ಓರೆ ಇರಬಹುದು. ಹುಡಿಗೆ ಮದ್ದು ಸುಲಭ, ಕೆಳಚಕ್ರದ ಅಂಚಿಗೆ ತಾಗುವಂತೆ ಒಂದು ಹಳೆ ಬ್ರಷ್ ಸ್ಕ್ರೂ ಹಾಕಿ.

ಗೈಡ್ ಮರದ್ದಾದರೆ ನಡೆಯುತ್ತದೆಯೇ?

ಚೆನ್ನಾಗಿಯೇ ನಡೆಯುತ್ತದೆ. ಪಕ್ಕದ ಗೈಡಿಗೆ ಹುಣಸೆ ಅಥವಾ ಜಾಲಿಯ ಚೇಗು ತೆಗೆದು, ಒಂದು ರಾತ್ರಿ ಎಣ್ಣೆಯಲ್ಲಿ ನೆನೆಹಾಕಿ. ಸವೆದಾಗ ತುದಿ ಉಜ್ಜಿ ಮುಂದೆ ತಳ್ಳಿದರಾಯಿತು. ಹಲ್ಲಿಗೆ ತಾಗಿದರೂ ಹಲ್ಲು ಹಾಳಾಗುವುದಿಲ್ಲ. ಬ್ಲೇಡಿಗೂ ಗೈಡಿಗೂ ನಡುವೆ ಒಂದು ಕಾಗದ ಹಿಡಿಯುವಷ್ಟೇ ಸಂದು, ಗೈಡಿನ ಮುಂದಂಚು ಹಲ್ಲಿನ ಬುಡದಿಂದ 1–2 ಮಿ.ಮೀ. ಹಿಂದೆ. ಬೆನ್ನಿಗೆ ಮಾತ್ರ 608 ಬೇರಿಂಗ್ ಬೇಕು, ಮೇಜಿನ ಮೇಲೊಂದು ಕೆಳಗೊಂದು. ಮರ ತಳ್ಳದೆ ಇರುವಾಗ ಅದು ಬ್ಲೇಡಿನಿಂದ ಅರ್ಧ ಮಿ.ಮೀ. ದೂರವಿದ್ದು ಸುಮ್ಮನೆ ನಿಂತಿರಬೇಕು. ಬ್ಲೇಡ್ ಬೇರಿಂಗಿನ ಚಪ್ಪಟೆ ಮುಖಕ್ಕೆ, ಅಂಚಿನ ಹತ್ತಿರ ತಾಗುವಂತೆ ಕೂರಿಸಿ. ದುಂಡು ಮೈಗೆ ತಾಗಿಸಿದರೆ ಕೆಲವೇ ದಿನದಲ್ಲಿ ಗೀರು ಬೀಳುತ್ತದೆ.

ಕೊಯ್ತ ಗೆರೆ ಬಿಟ್ಟು ಒಂದೇ ಕಡೆಗೆ ಹೋಗುತ್ತದೆ.

ಬಹಳ ಸಲ ಒಂದು ಬದಿಯ ಹಲ್ಲು ಮೊಂಡಾಗಿರುತ್ತದೆ. ಮೊಳೆಗೆ ತಾಗಿದ ಬ್ಲೇಡ್ ಹೀಗೆಯೇ ಮಾಡುತ್ತದೆ. ಹೊಸ ಬ್ಲೇಡಿನಲ್ಲೂ ಹಾಗೇ ಆದರೆ ಟೆನ್ಷನ್ ನೋಡಿ. ಆಮೇಲೂ ಉಳಿದರೆ ಫೆನ್ಸನ್ನೇ (ಮರವನ್ನು ಒರಗಿಸಿ ತಳ್ಳಲು ಮೇಜಿನ ಮೇಲೆ ಬಿಗಿಯುವ ಪಟ್ಟಿ) ಓರೆ ಮಾಡಿ: ಹಲಗೆಯ ಮೇಲೆ ನೇರಗೆರೆ ಎಳೆದು, ಫೆನ್ಸಿಲ್ಲದೆ ಅರ್ಧದವರೆಗೆ ಗೆರೆ ಹಿಡಿದು ಕೊಯ್ದು ನಿಲ್ಲಿಸಿ, ಹಲಗೆ ಆಗ ಯಾವ ಕೋನದಲ್ಲಿ ನಿಂತಿದೆಯೋ ಅದಕ್ಕೆ ಸಮನಾಗಿ ಫೆನ್ಸ್ ಬಿಗಿಯಿರಿ. ನಡುವೆ ಹೊಟ್ಟೆ ಬಂದ ಕೊಯ್ತಕ್ಕೆ ಕಾರಣ ಬೇರೆ. ಹಲ್ಲಿನ ಸಂದಿಯಲ್ಲಿ ಹುಡಿ ತುಂಬಿದೆ. ಕಡಿಮೆ ಹಲ್ಲಿನ ಬ್ಲೇಡ್ ಹಾಕಿ, ಮೆಲ್ಲಗೆ ತಳ್ಳಿ.

ಓಡುವಾಗ ಟಿಕ್ ಟಿಕ್ ಸದ್ದು?

ಬೆಸುಗೆಯ ಉಬ್ಬು ಗೈಡಿಗೆ ತಾಗುತ್ತಿದ್ದರೆ ಅರದಿಂದ ಉಜ್ಜಿದರೆ ಹೋಗುತ್ತದೆ. ನಿನ್ನೆ ಇಲ್ಲದ ಸದ್ದು ಇವತ್ತು ಶುರುವಾಗಿದ್ದರೆ ಅದು ಬಿರುಕು. ತಕ್ಷಣ ನಿಲ್ಲಿಸಿ, ಪ್ಲಗ್ ಕಿತ್ತು, ಹಲ್ಲಿನ ಬುಡಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ.

ಸುರಕ್ಷತೆಗೆ ಯಾವುದನ್ನು ಬಿಡುವ ಹಾಗಿಲ್ಲ?

ಎರಡೂ ಚಕ್ರಕ್ಕೆ ಕವರ್, ಹಿಂದಿನ ಎಳೆಗೂ ಕವರ್. ತುಂಡಾದ ಬ್ಲೇಡ್ ಒಳಗೇ ಉಳಿಯಬೇಕು. ಮೇಲಿನ ಗೈಡನ್ನು ಮರದಿಂದ 6 ಮಿ.ಮೀ. ಎತ್ತರಕ್ಕೆ ಇಳಿಸಿದ ಮೇಲೇ ಸ್ವಿಚ್.

ಸ್ವಿಚ್ಚಿನ ಮಾತು ಬಂದಾಗ, ಮಾಮೂಲಿ ಗೋಡೆ ಸ್ವಿಚ್ ಸಲ್ಲದು. ಕೊಯ್ಯುತ್ತಿರುವಾಗ ಕರೆಂಟ್ ಹೋಯಿತೆನ್ನಿ. ಸಿಕ್ಕಿಕೊಂಡ ಮರ ಬಿಡಿಸಲು ಕೈ ಹಾಕಿರುತ್ತೀರಿ, ಅಷ್ಟರಲ್ಲಿ ಕರೆಂಟ್ ಬಂದರೆ ಯಂತ್ರ ತಾನಾಗಿ ಹೊರಡುತ್ತದೆ. 230 ವೋಲ್ಟ್ ಕಾಯಿಲ್ ಇರುವ ಡಿಒಎಲ್ ಸ್ಟಾರ್ಟರ್ (ಕರೆಂಟ್ ಹೋದಾಗ ತಾನೇ ಆಫ್ ಆಗುವ, ಹಸಿರು–ಕೆಂಪು ಗುಂಡಿಯ ಮೋಟರ್ ಸ್ವಿಚ್) ಹಾಕಿದರೆ ಹಸಿರು ಗುಂಡಿ ಮತ್ತೆ ಒತ್ತುವವರೆಗೆ ಅದು ಮಿಸುಕುವುದಿಲ್ಲ.

ದುಂಡು ಕೋಲನ್ನು ಬರಿಗೈಯಲ್ಲಿ ಅಡ್ಡಕೊಯ್ಯಬೇಡಿ. ಹಲ್ಲು ಅದನ್ನು ಉರುಳಿಸಿ ಬೆರಳನ್ನೂ ಜೊತೆಗೆ ಎಳೆದುಕೊಳ್ಳುತ್ತದೆ; ‘ವಿ’ ಆಕಾರದ ಮರದ ತೊಟ್ಟಿಲಲ್ಲಿ ಕಟ್ಟಿ ಕೊಯ್ಯಿರಿ. ಕೈಗವಸು ಹಾಕಬೇಡಿ.

ಮನೆ ತೋಟದ ದಿಮ್ಮಿ ಸೀಳಬಹುದೇ?

ಈ ಮೇಜು, ಈ ಬ್ಲೇಡ್ ದಿಮ್ಮಿಯ ಭಾರಕ್ಕಲ್ಲ. ದಿಮ್ಮಿ ಸೀಳುವ ಸಾಮಿಲ್ ನಡೆಸಲು ಅರಣ್ಯ ಇಲಾಖೆಯ ಪರವಾನಗಿಯೂ ಬೇಕು. ಸಾಮಿಲ್ಲಿನಲ್ಲಿ ತುಂಡು ಮಾಡಿಸಿ ತಂದು ಇಲ್ಲಿ ಹಲಗೆ ಮಾಡಿ.

ಮಳೆಗಾಲದಲ್ಲಿ ಏನು ಜಾಗ್ರತೆ?

ಮಲೆನಾಡು, ಕರಾವಳಿಯಲ್ಲಿ ಜೂನ್ ಬರುವ ಮೊದಲೇ ಚಕ್ರಕ್ಕೆ ಪಿಯು (ಪಾಲಿಯುರೆಥೇನ್) ವಾರ್ನಿಷ್ ಎರಡು ಕೋಟ್, ಬ್ಯಾಲೆನ್ಸ್ ಗುಳಿಗಳ ಒಳಗೂ ಬಿಡದೆ ಹಚ್ಚಿ. ಕೆಲಸ ಮುಗಿದ ಮೇಲೆ ಪ್ರತಿ ಸಲವೂ ಟೆನ್ಷನ್ ಸಡಿಲಿಸಿ. ಬಿಗಿದೇ ಬಿಟ್ಟರೆ ಟ್ಯೂಬಿನ ಮೇಲೆ ಬ್ಲೇಡಿನ ಅಚ್ಚು ಬೀಳುತ್ತದೆ, ಬಿಳಿ ಅಂಟಿನ ಕೀಲೂ ದಿನ ಕಳೆದಂತೆ ಜಾರುತ್ತದೆ. ಸಡಿಲಿಸಿದಾಗ ಹ್ಯಾಂಡಲ್ಲಿಗೆ ಒಂದು ಕೆಂಪು ಬಟ್ಟೆ ಕಟ್ಟಿ, ಮರೆತು ಹಾಗೇ ಸ್ವಿಚ್ ಹಾಕುವವರು ಬಹಳ. ಬಿಚ್ಚಿಟ್ಟ ಬ್ಲೇಡಿಗೆ ಎಣ್ಣೆ ಸವರಿ, ಮೂರು ಸುರುಳಿಯಾಗಿ ಮಡಚಿ, ಗೋಡೆಗೆ ತೂಗುಹಾಕಿ. ಮತ್ತೆ ಹಾಕುವ ಮುಂಚೆ ಆ ಎಣ್ಣೆ ಪೂರ್ತಿ ಒರೆಸಿ, ರಬ್ಬರಿಗೆ ಎಣ್ಣೆ ಆಗದು.